ಗೋಚಾ ಲಾ ಚಾರಣ: ‘ವಾಯುಗೋಳ’ ಘಟಕಕ್ಕೆ ನಾಲ್ಕು ಅವಧಿಗಳ ಪಾಠ

ಎಂಟನೆಯ ತರಗತಿಯ ‘ವಾಯುಗೋಳ’ ಘಟಕವನ್ನು ಬೋಧನಾಭ್ಯಾಸಕ್ಕೆ ಆಯ್ದುಕೊಳ್ಳುವ ಪ್ರಶಿಕ್ಷಣಾರ್ಥಿಗಳು ಬಹಳ. ಪದರಗಳ ಚಿತ್ರ ಬರೆಯಲು ಸುಲಭ, ಅನಿಲಗಳ ಶೇಕಡಾವಾರು ಪಟ್ಟಿ ಸಿದ್ಧವಾಗಿಯೇ ಇರುತ್ತದೆ, ಪ್ರಶ್ನೆಗಳೂ ಗೊತ್ತಿರುವವೇ. ಆದರೆ ಪಾಠ ಮುಗಿದ ಮೇಲೆ ಮಕ್ಕಳನ್ನು ‘ಎತ್ತರಕ್ಕೆ ಹೋದರೆ ಉಸಿರಾಡಲು ಏಕೆ ಕಷ್ಟ?’ ಎಂದು ಕೇಳಿ ನೋಡಿ. ‘ಅಲ್ಲಿ ಆಮ್ಲಜನಕ ಇರುವುದಿಲ್ಲ’ ಎಂಬ ಉತ್ತರ ಬರುತ್ತದೆ. ‘ಎತ್ತರದಲ್ಲಿ ಏಕೆ ಚಳಿ?’ ಎಂದರೆ ‘ಅಲ್ಲಿ ಹಿಮ ಇದೆಯಲ್ಲ’ ಎನ್ನುತ್ತಾರೆ. ಎರಡೂ ತಪ್ಪು. ಮೊದಲನೆಯದು ಸಂಗತಿಯನ್ನೇ ತಪ್ಪಾಗಿ ಹೇಳುತ್ತದೆ; ಎರಡನೆಯದು ಪರಿಣಾಮವನ್ನು ಕಾರಣವೆಂದು ಹೇಳುತ್ತದೆ.

ಈ ಘಟಕವನ್ನು ಒಂದು ನಿಜವಾದ ದಾರಿಯ ಮೇಲೆ ನಡೆಸಿಕೊಂಡು ಹೋಗುವ ಪಾಠಯೋಜನೆಯನ್ನು ಇಲ್ಲಿ ಕೊಟ್ಟಿದೆ. ದಾರಿ ಸಿಕ್ಕಿಂನ ಗೋಚಾ ಲಾ ಚಾರಣದ್ದು. ಒಂಬತ್ತು ದಿನ ನಡೆದು, ಎಂಟು ರಾತ್ರಿ ದಾರಿಯಲ್ಲೇ ಬಿಡಾರ ಹೂಡಿ ಕಾಂಚನಜುಂಗಾ ಪರ್ವತದ ಬುಡದ ಕಡೆಗೆ ಸಾಗುವ ದಾರಿ ಇದು. ನಡುವೆ ಮೋಟಾರು ರಸ್ತೆಯಿಲ್ಲ, ಆಸ್ಪತ್ರೆಯಿಲ್ಲ. ಹೀಗಾಗಿ ಪುಸ್ತಕದಲ್ಲಿ ಅಂಕಿಗಳಾಗಿ ಇರುವ ವಾಯುಭಾರ, ಉಷ್ಣಾಂಶ, ಗಾಳಿ ಇವೆಲ್ಲ ಇಲ್ಲಿ ಒಬ್ಬ ಮನುಷ್ಯ ಮುಂದೆ ಹೋಗಬೇಕೋ ಕೆಳಗಿಳಿಯಬೇಕೋ ಎಂಬ ತೀರ್ಮಾನಗಳಾಗುತ್ತವೆ.

ಈ ವಿಷಯ ನಮ್ಮ ಮಕ್ಕಳಿಗೆ ದೂರದ್ದಲ್ಲ. ಕರ್ನಾಟಕದಿಂದ ಪ್ರತಿವರ್ಷ ಸಾವಿರಾರು ಜನ ಹಿಮಾಲಯದ ಚಾರಣಗಳಿಗೆ ಹೋಗುತ್ತಾರೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, 4,000 ಮೀಟರಿಗೂ ಮೇಲೆ, ಕರ್ನಾಟಕದಿಂದ ಹೋಗಿದ್ದ ತಂಡವೊಂದು ಹಿಮಗಾಳಿಗೆ ಸಿಲುಕಿ 9 ಮಂದಿ ತೀರಿಕೊಂಡರು. ಇಂದು ನಮ್ಮ ಮುಂದೆ ಬೆಂಚಿನಲ್ಲಿ ಕೂತಿರುವ ಹುಡುಗ ಹುಡುಗಿಯರಲ್ಲಿ ಕೆಲವರು ಹತ್ತು ವರ್ಷದೊಳಗೆ ಇಂತಹ ದಾರಿಯಲ್ಲಿ ನಡೆಯುತ್ತಾರೆ. ಅವರು ಒಯ್ಯುವ ತಿಳಿವಳಿಕೆಯಲ್ಲಿ ಈ ನಾಲ್ಕು ಅವಧಿಗಳದ್ದೂ ಸೇರಿರಬಹುದು.

ಪಾಠದ ಚೌಕಟ್ಟು

ತರಗತಿ: ಎಂಟು. ವಿಷಯ: ಸಮಾಜ ವಿಜ್ಞಾನ (ಭೂಗೋಳ), ವಿಜ್ಞಾನದೊಂದಿಗೆ ಸಮನ್ವಯ. ಅವಧಿಗಳು: ತಲಾ 40 ನಿಮಿಷದ ನಾಲ್ಕು.

ಪೂರ್ವಜ್ಞಾನ: ಗಾಳಿಗೆ ತೂಕವಿದೆ, ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕವಿದೆ; ಸರಳ ರೇಖಾನಕ್ಷೆ ಬಿಡಿಸಲು ಬರುತ್ತದೆ.

ಕಲಿಕಾಫಲಗಳು: ವಿದ್ಯಾರ್ಥಿಯು
1. ಎತ್ತರದ ಅಂಕಿಗಳಿಂದ ದಾರಿಯ ರೇಖಾನಕ್ಷೆ ಬಿಡಿಸಿ, ಕಡಿದಾದ ಏರಿಕೆ ಎಲ್ಲಿದೆ ಎಂದು ಗುರುತಿಸುತ್ತಾನೆ/ಳೆ.
2. ಎತ್ತರ ಹೆಚ್ಚಿದಂತೆ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಗಾಳಿಯೇ ವಿರಳವಾಗುತ್ತದೆ ಎಂದು ಉದಾಹರಣೆಯೊಂದಿಗೆ ವಿವರಿಸುತ್ತಾನೆ/ಳೆ.
3. ಎತ್ತರ, ಉಷ್ಣಾಂಶ ಮತ್ತು ನೀರು ಕುದಿಯುವ ಬಿಂದುವಿನ ಸಂಬಂಧವನ್ನು ಲೆಕ್ಕ ಹಾಕಿ ಹೇಳುತ್ತಾನೆ/ಳೆ.
4. ಎತ್ತರದ ಕಾಯಿಲೆಯ ಲಕ್ಷಣ ಕೊಟ್ಟಾಗ ಏನು ಮಾಡಬೇಕೆಂದು ಕಾರಣಸಹಿತ ತೀರ್ಮಾನಿಸುತ್ತಾನೆ/ಳೆ.

ಕಲಿಕೋಪಕರಣಗಳು: ಭಾರತದ ಭೂಪಟ, ನಕ್ಷೆ ಹಾಳೆ, ಜೋಳ ಮತ್ತು ಹೆಸರುಕಾಳು, ಎರಡು ಬಟ್ಟಲು, ಸೂಜಿ ತೆಗೆದ ದೊಡ್ಡ ಪ್ಲಾಸ್ಟಿಕ್ ಸಿರಿಂಜ್, ಸಣ್ಣ ಬಲೂನು, ಫ್ಲಾಸ್ಕಿನಲ್ಲಿ ಬಿಸಿನೀರು, ಸನ್ನಿವೇಶ ಚೀಟಿಗಳು. ಪ್ರೊಜೆಕ್ಟರ್ ಬೇಕಿಲ್ಲ.

ಮೊದಲ ಅವಧಿ: ದಾರಿಯನ್ನು ಕಾಗದದ ಮೇಲೆ ಏರುವುದು

ಪೀಠಿಕೆಯಾಗಿ ಭೂಪಟದಲ್ಲಿ ಸಿಕ್ಕಿಂ ಗುರುತಿಸಲಿ. ಅಲ್ಲಿಂದ ಕಾಂಚನಜುಂಗಾ. 8,586 ಮೀಟರ್ ಎತ್ತರದ ಇದು ಭಾರತದ ಅತಿ ಎತ್ತರದ, ಜಗತ್ತಿನ ಮೂರನೆಯ ಶಿಖರ. ಸಿಕ್ಕಿಂ ಜನರಿಗೆ ಇದು ಕಾಯುವ ದೈವ. ಇದರ ಸುತ್ತಲಿನ ರಾಷ್ಟ್ರೀಯ ಉದ್ಯಾನವನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರಕೃತಿ ಮತ್ತು ಸಂಸ್ಕೃತಿ ಎರಡರ ದೃಷ್ಟಿಯಿಂದಲೂ ಮಾನ್ಯತೆ ಪಡೆದ ಭಾರತದ ಮೊದಲ ತಾಣ ಇದು.

ಮುಂದೆ ಕಪ್ಪುಹಲಗೆಯ ಮೇಲೆ ಈ ಪಟ್ಟಿಯನ್ನು ಬರೆಯಿರಿ. ಎತ್ತರಗಳು ಸುಮಾರು, ರಾತ್ರಿ ತಂಗುವ ಜಾಗಗಳವು.

ಹೊರಡುವ ಊರು: ಯುಕ್ಸೋಮ್, 1,780 ಮೀ.
1ನೇ ರಾತ್ರಿ: ಸಾಚೆನ್, 2,200 ಮೀ.
2ನೇ ರಾತ್ರಿ: ಛೋಕಾ, 3,000 ಮೀ.
3ನೇ ರಾತ್ರಿ: ಝೊಂಗ್ರಿ, 4,000 ಮೀ.
4ನೇ ರಾತ್ರಿ: ಝೊಂಗ್ರಿ, 4,000 ಮೀ.
5ನೇ ರಾತ್ರಿ: ಥಾನ್ಸಿಂಗ್, 3,900 ಮೀ.
6ನೇ ರಾತ್ರಿ: ಲಮುನೆ, 4,200 ಮೀ.
7ನೇ ರಾತ್ರಿ: ಕೊಕ್ಚುರಾಂಗ್, 3,700 ಮೀ.
8ನೇ ರಾತ್ರಿ: ಛೋಕಾ, 3,000 ಮೀ.
9ನೇ ದಿನ: ಮರಳಿ ಯುಕ್ಸೋಮ್.

ಏಳನೆಯ ದಿನ ನಸುಕಿನಲ್ಲೇ ಲಮುನೆ ಬಿಟ್ಟು, ಸುಮಾರು 4,600 ಮೀಟರಿನ ನೋಟತಾಣ ಮುಟ್ಟಿ, ಅದೇ ದಿನ ಕೊಕ್ಚುರಾಂಗಿಗೆ ಇಳಿಯುತ್ತಾರೆ. ಗೋಚಾ ಲಾ ಕಣಿವೆದಾರಿ ಇನ್ನೂ ಮೇಲೆ, 4,940 ಮೀಟರಿನಲ್ಲಿದೆ. ‘ಲಾ’ ಎಂದರೆ ಟಿಬೆಟನ್ ಮೂಲದ ಭಾಷೆಗಳಲ್ಲಿ ಬೆಟ್ಟಸಾಲನ್ನು ದಾಟುವ ಕಣಿವೆದಾರಿ, ನಮ್ಮ ಘಾಟಿಯ ಹಾಗೆ. ನಾಥು ಲಾ ಹೆಸರನ್ನು ಮಕ್ಕಳು ಕೇಳಿರುತ್ತಾರೆ, ಅದರೊಂದಿಗೆ ಜೋಡಿಸಿ.

ಊರಿನ ಅಳತೆಗೋಲು ಕೊಟ್ಟರೆ ಅಂಕಿಗಳು ಹತ್ತಿರವಾಗುತ್ತವೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಚಾರಣ ಶುರುವಾಗುವ ಯುಕ್ಸೋಮ್ ನಮ್ಮ ಮುಳ್ಳಯ್ಯನಗಿರಿಯ ತಲೆಗಿಂತ ಸ್ವಲ್ಪವಷ್ಟೇ ಕೆಳಗಿದೆ. ನಮ್ಮ ಬೆಟ್ಟ ಮುಗಿಯುವ ಎತ್ತರದಲ್ಲಿ ಅವರ ಬೆಟ್ಟ ಆರಂಭವಾಗುತ್ತದೆ. ಈ ಹೋಲಿಕೆಯನ್ನು ಶಿಕ್ಷಕರು ಹೇಳಬಾರದು. ಅಂಕಿ ಕೊಟ್ಟು ಮಕ್ಕಳಿಂದ ಹೊರಡಿಸಬೇಕು.

ಚಟುವಟಿಕೆ: ಅಡ್ಡ ಅಕ್ಷದಲ್ಲಿ ದಿನ, ಲಂಬ ಅಕ್ಷದಲ್ಲಿ ಎತ್ತರ ಇಟ್ಟು ಪ್ರತಿ ಜೋಡಿಯೂ ರೇಖಾನಕ್ಷೆ ಬಿಡಿಸಲಿ. ಬಳಿಕ ಮೂರು ಪ್ರಶ್ನೆ:
ಗೆರೆ ಎಲ್ಲಿ ಅತಿ ಕಡಿದು?
ಗೆರೆ ಎಲ್ಲಿ ಮಟ್ಟಸ? ಒಂದೇ ಜಾಗದಲ್ಲಿ ಎರಡು ರಾತ್ರಿ ಏಕೆ?
ಮೇಲೆ ಹೋಗಬೇಕಾದವರು ಐದನೆಯ ದಿನ ಕೆಳಗಿಳಿಯುವುದೇಕೆ?

ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಇಂದು ಉತ್ತರ ಹೇಳಬೇಡಿ. ‘ಸುಸ್ತಾಗಿರುತ್ತದೆ, ವಿಶ್ರಾಂತಿಗೆ’ ಎಂದು ಮಕ್ಕಳು ಹೇಳಿದರೆ ಹಲಗೆಯ ಮೂಲೆಯಲ್ಲಿ ಅದನ್ನೇ ಬರೆದಿಡಿ. ಪ್ರಶ್ನೆ ಬಾಕಿ ಉಳಿದರೆ ಮುಂದಿನ ಅವಧಿಗೆ ಅದೇ ಪ್ರೇರಣೆ.

ಅವಧಿಯ ಕೊನೆಯ ಹತ್ತು ನಿಮಿಷ, ಅದೇ ನಕ್ಷೆಯ ಪಕ್ಕದಲ್ಲಿ ಸಸ್ಯವರ್ಗ ಬರೆಸಿ. ಯುಕ್ಸೋಮ್ ಸುತ್ತ ಅಗಲ ಎಲೆಯ ದಟ್ಟ, ತೇವದ ಕಾಡು. ಛೋಕಾದ ಆಸುಪಾಸಿನಿಂದ ಮೇಲಕ್ಕೆ ಫರ್ ಮರಗಳು ಮತ್ತು ರೋಡೋಡೆಂಡ್ರಾನ್. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಇಳಿಜಾರು ಹೂವಾಗಿರುತ್ತದೆ. ನೇಪಾಳಿ ಮಾತನಾಡುವವರು ಇದನ್ನು ಗುರಾಂಸ್ ಎನ್ನುತ್ತಾರೆ. ಇದರ ಹತ್ತಿರದ ಸಂಬಂಧಿ ನಮ್ಮ ದಕ್ಷಿಣದ ನೀಲಗಿರಿಯ ಎತ್ತರಗಳಲ್ಲೂ ಇದೆ. ಝೊಂಗ್ರಿಗೆ ಬರುವಷ್ಟರಲ್ಲಿ ಮರ ಮುಗಿದು ಮೊಣಕಾಲೆತ್ತರದ ಪೊದೆ, ಹುಲ್ಲು. ಇನ್ನೂ ಮೇಲೆ ಹಿಮನದಿ ತಂದು ಸುರಿದ ಕಲ್ಲುರಾಶಿ. ಕನ್ಯಾಕುಮಾರಿಯಿಂದ ಉತ್ತರ ಧ್ರುವದವರೆಗೆ ಹೋದರೆ ಕಾಣುವ ಬದಲಾವಣೆಯ ಬಹುಭಾಗ ಒಂದು ವಾರದ ನಡಿಗೆಯಲ್ಲಿ ಕಾಣುತ್ತದೆ.

ಎರಡನೆಯ ಅವಧಿ: ಒಂದು ಉಸಿರಿನಲ್ಲಿ ಎಷ್ಟು ಗಾಳಿ?

ಮೊದಲು ತಪ್ಪು ಕಲ್ಪನೆಯನ್ನು ಹೊರಗೆ ತರಬೇಕು. ‘ಝೊಂಗ್ರಿಯ ಗಾಳಿಯಲ್ಲಿ ಆಮ್ಲಜನಕ ಶೇಕಡ ಎಷ್ಟು?’ ಎಂದು ಕೇಳಿ, ಪ್ರತಿಯೊಬ್ಬರೂ ಒಂದು ಅಂಕಿ ಬರೆದುಕೊಳ್ಳಲಿ. ಹತ್ತು, ಐದು, ಸೊನ್ನೆ ಹೀಗೆ ಬರುತ್ತವೆ. ಯಾವುದನ್ನೂ ಸರಿ ತಪ್ಪು ಎನ್ನಬೇಡಿ.

ಚಟುವಟಿಕೆ 1: ಒಂದು ಬಟ್ಟಲಿನಲ್ಲಿ 79 ಜೋಳ, 21 ಹೆಸರುಕಾಳು ಹಾಕಿ ಕಲೆಸಿ. ಇದು ಕಡಲತೀರದಲ್ಲಿ, ಉದಾಹರಣೆಗೆ ಕಾರವಾರದಲ್ಲಿ, ಎಳೆದುಕೊಂಡ ಒಂದು ಉಸಿರು. ಹೆಸರುಕಾಳು ಆಮ್ಲಜನಕ. ಇನ್ನೊಂದು ಬಟ್ಟಲಿನಲ್ಲಿ 48 ಜೋಳ, 13 ಹೆಸರುಕಾಳು. ಇದು ಝೊಂಗ್ರಿಯಲ್ಲಿ ಅದೇ ಮನುಷ್ಯ ಎಳೆದುಕೊಂಡ ಅಷ್ಟೇ ದೊಡ್ಡ ಉಸಿರು. ಮಕ್ಕಳು ಎಣಿಸಿ, ಶೇಕಡ ಲೆಕ್ಕ ಹಾಕಲಿ. ಎರಡರಲ್ಲೂ ಆಮ್ಲಜನಕ ಶೇ. 21ರ ಆಸುಪಾಸು. ಆದರೆ ಒಂದರಲ್ಲಿ ಒಟ್ಟು ನೂರು ಕಾಳು, ಇನ್ನೊಂದರಲ್ಲಿ 61 ಮಾತ್ರ. ಪಾಲು ಅಷ್ಟೇ, ರಾಶಿ ಚಿಕ್ಕದು. ಈ ಮಾತು ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಿರಿ.

ಕಾರಣ ವಿವರಿಸಲು ಮೂಟೆಗಳ ಉದಾಹರಣೆ ಸಾಕು. ಗೋದಾಮಿನಲ್ಲಿ ಹತ್ತಿಯ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಅಮುಕಿಕೊಳ್ಳುತ್ತದೆ, ಮೇಲಿನದು ಸಡಿಲವಾಗಿರುತ್ತದೆ. ಗಾಳಿಯೂ ಹಾಗೆಯೇ. ಸಮುದ್ರಮಟ್ಟದಲ್ಲಿ ಸರಾಸರಿ ವಾಯುಭಾರ 1,013 ಮಿಲಿಬಾರ್. ಮೇಲೆ ಹೋದಷ್ಟೂ ಒತ್ತುವ ಗಾಳಿ ಕಡಿಮೆ. ಸಮುದ್ರಮಟ್ಟದ ಒತ್ತಡವನ್ನು 100 ಎಂದುಕೊಂಡರೆ ಬೆಂಗಳೂರಿನಲ್ಲಿ ಸುಮಾರು 90, ಯುಕ್ಸೋಮ್‌ನಲ್ಲಿ 81, ಛೋಕಾದಲ್ಲಿ 69, ಝೊಂಗ್ರಿಯಲ್ಲಿ 61, ಗೋಚಾ ಲಾದಲ್ಲಿ 54. ಸುಮಾರು 5,500 ಮೀಟರಿಗೆ ಅರ್ಧವಾಗುತ್ತದೆ.

ಚಟುವಟಿಕೆ 2: ಸಿರಿಂಜಿನೊಳಗೆ ಸ್ವಲ್ಪವೇ ಊದಿ ಗಂಟು ಹಾಕಿದ ಚಿಕ್ಕ ಬಲೂನು ಇಡಿ. ಮೂತಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಹಿಂದಕ್ಕೆ ಎಳೆದರೆ ಬಲೂನು ಹಿಗ್ಗುತ್ತದೆ. ಹೊರಗಿನ ಒತ್ತಡ ಕಡಿಮೆಯಾದಾಗ ಒಳಗಿನ ಗಾಳಿ ಹರಡಿಕೊಳ್ಳುತ್ತದೆ. ಬಯಲುಸೀಮೆಯಿಂದ ಬೆಟ್ಟಕ್ಕೆ ಒಯ್ದ ಚಿಪ್ಸ್ ಪೊಟ್ಟಣ ಉಬ್ಬುವುದೂ ಇದರಿಂದಲೇ.

ಈಗ ಬಾಕಿ ಉಳಿಸಿದ ಪ್ರಶ್ನೆಗೆ ಮರಳಿ. ಕಡಿಮೆ ಗಾಳಿಗೆ ಮೈ ಒಗ್ಗಿಕೊಳ್ಳುತ್ತದೆ: ಉಸಿರಾಟ ಆಳವಾಗುತ್ತದೆ, ಹೃದಯ ಬೇಗ ಬಡಿಯುತ್ತದೆ, ದಿನಗಳು ಕಳೆದಂತೆ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಕಣಗಳೂ ಹೆಚ್ಚುತ್ತವೆ. ಆದರೆ ಇದಕ್ಕೆ ಸಮಯ ಬೇಕು. ಪರ್ವತ ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ ಹೀಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ನಿಲ್ಲಬೇಕು.

ಮಕ್ಕಳು ತಮ್ಮ ನಕ್ಷೆಯನ್ನು ಈ ಸೂತ್ರದಿಂದ ಪರೀಕ್ಷಿಸಲಿ. ಛೋಕಾದಿಂದ ಝೊಂಗ್ರಿಗೆ ಒಂದೇ ದಿನ 1,000 ಮೀಟರ್. ಸೂತ್ರ ಹೇಳುವುದರ ಎರಡು ಪಟ್ಟು! ಝೊಂಗ್ರಿಯಲ್ಲಿ ಎರಡನೆಯ ರಾತ್ರಿ ಏಕೆ ಎಂಬುದು ಈಗ ತಾನಾಗಿ ತಿಳಿಯುತ್ತದೆ. ಆ ದಿನ ಬೆಳಗಿನ ಜಾವ 4,170 ಮೀಟರಿನ ಝೊಂಗ್ರಿ ನೆತ್ತಿ ಹತ್ತಿ ಮತ್ತೆ ಬಿಡಾರಕ್ಕೆ ಇಳಿಯುವುದೂ ‘ಹಗಲು ಮೇಲೆ ಹತ್ತು, ರಾತ್ರಿ ಕೆಳಗೆ ಮಲಗು’ ಎಂಬ ನಿಯಮದಂತೆಯೇ.

ಮನೆಗೆಲಸ: ಛೋಕಾ ಮತ್ತು ಝೊಂಗ್ರಿ ನಡುವೆ ಸುಮಾರು 3,650 ಮೀಟರಿನಲ್ಲಿ ಫೇಡಾಂಗ್ ಎಂಬ ಜಾಗವಿದೆ. ಅಲ್ಲಿ ಒಂದು ರಾತ್ರಿ ತಂಗಿದರೆ ಸೂತ್ರ ಪಾಲಿಸಿದಂತಾಗುತ್ತದೆಯೇ? ಛೋಕಾದಲ್ಲೇ ಎರಡು ರಾತ್ರಿ ಉಳಿದರೆ? ನಿಮ್ಮದೇ ವೇಳಾಪಟ್ಟಿ ಮಾಡಿ, ಕಾರಣ ಬರೆಯಿರಿ.

ಫೇಡಾಂಗ್ ಆಯ್ದುಕೊಂಡರೂ ಮೊದಲ ಜಿಗಿತ 650 ಮೀಟರ್ ಆಗುತ್ತದೆ. ಎಲ್ಲ ರೀತಿಯಲ್ಲೂ ಸರಿಯಾದ ಒಂದೇ ಉತ್ತರ ಇಲ್ಲಿಲ್ಲ. ಮಕ್ಕಳು ಅಂಕಿಗಳನ್ನು ತೂಗಿ ನೋಡಿದ್ದಾರೆಯೇ ಎಂಬುದಕ್ಕೆ ಅಂಕ ಕೊಡಿ.

ಮೂರನೆಯ ಅವಧಿ: ಚಳಿ, ಗಾಳಿ ಮತ್ತು ಬೇಯದ ಅನ್ನ

‘ಬೆಟ್ಟ ಹತ್ತಿದರೆ ಸೂರ್ಯನಿಗೆ ಹತ್ತಿರವಾಗುತ್ತೇವಲ್ಲ, ಮತ್ತೇಕೆ ಚಳಿ?’ ಇದನ್ನು ಮಕ್ಕಳೇ ಕೇಳುತ್ತಾರೆ. ಕೇಳದಿದ್ದರೆ ನೀವು ಕೇಳಿ. ಸೂರ್ಯನಿರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ನಾಲ್ಕು ಕಿಲೋಮೀಟರ್ ಹತ್ತಿರವಾದದ್ದು ಲೆಕ್ಕಕ್ಕೇ ಇಲ್ಲ. ಬಿಸಿಲು ಮೊದಲು ಕಾಯಿಸುವುದು ನೆಲವನ್ನು. ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರಿ, ಒತ್ತಡ ಕಡಿಮೆಯಾದ ಕಡೆ ಹಿಗ್ಗಿ, ತಣ್ಣಗಾಗುತ್ತದೆ. ಸರಾಸರಿ ಪ್ರತಿ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ.

ಲೆಕ್ಕ: ಯುಕ್ಸೋಮ್‌ನಲ್ಲಿ 15 ಡಿಗ್ರಿ ಇದೆ. 2,200 ಮೀಟರ್ ಮೇಲಿರುವ ಝೊಂಗ್ರಿಯಲ್ಲಿ ಎಷ್ಟು? 2.2 × 6.5 = 14.3. ಉಳಿದದ್ದು 0.7 ಡಿಗ್ರಿ. ಕೆಳಗೆ ತೆಳು ಸ್ವೆಟರ್ ಸಾಕಾಗುವ ಹೊತ್ತಿಗೆ ಮೇಲೆ ನೀರು ಹೆಪ್ಪುಗಟ್ಟುವ ಹತ್ತಿರ. ಇದು ಸರಾಸರಿಯ ಲೆಕ್ಕ. ಮೋಡ, ತೇವ, ಹೊತ್ತು, ಇಳಿಜಾರಿನ ದಿಕ್ಕು ಇವುಗಳಿಂದ ಹೆಚ್ಚು ಕಡಿಮೆಯಾಗುತ್ತದೆ ಎಂದು ಹೇಳಲು ಮರೆಯಬೇಡಿ.

ಇದಕ್ಕೆ ಗಾಳಿಯನ್ನು ಸೇರಿಸಿ. ಮೈ ತನ್ನ ಸುತ್ತ ತೆಳುವಾದ ಬೆಚ್ಚನೆಯ ಗಾಳಿಯ ಹೊದಿಕೆ ಮಾಡಿಕೊಂಡಿರುತ್ತದೆ. ಬೀಸುವ ಗಾಳಿ ಅದನ್ನು ಕಿತ್ತೊಯ್ಯುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 7 ಡಿಗ್ರಿಯಂತೆ ತಟ್ಟುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಬೇಗ ಶಾಖ ಸೋರಿಹೋಗುತ್ತದೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಪ್ರಾಣಾಪಾಯದ ಸ್ಥಿತಿ. ಆಗ ನಡುಕ, ತೊದಲು, ತಡವರಿಕೆ. ಸ್ಥಿತಿ ಬಿಗಡಾಯಿಸಿದರೆ ನಡುಕವೇ ನಿಂತುಹೋಗುತ್ತದೆ. ‘ನಡುಕ ನಿಂತಿತು, ಸದ್ಯ ಚಳಿ ಬಿಟ್ಟಿತು’ ಎಂದುಕೊಳ್ಳುವುದು ಅತ್ಯಂತ ಅಪಾಯದ ತಪ್ಪು ಎಂದು ಒತ್ತಿ ಹೇಳಿ.

ಇನ್ನು ಅಡುಗೆ. ‘ಎತ್ತರದಲ್ಲಿ ನೀರು ಕಡಿಮೆ ಉಷ್ಣಾಂಶದಲ್ಲೇ ಕುದಿಯುತ್ತದೆ. ಹಾಗಾದರೆ ಅನ್ನ ಬೇಗ ಬೇಯುತ್ತದೆಯೋ, ತಡವಾಗಿಯೋ?’ ಕೈ ಎತ್ತಿಸಿ ಎಣಿಸಿ. ಹೆಚ್ಚಿನವರು ‘ಬೇಗ’ ಎನ್ನುತ್ತಾರೆ.

ಪ್ರದರ್ಶನ (ಶಿಕ್ಷಕರೇ ಮಾಡಬೇಕು): ಸುಮಾರು 70 ಡಿಗ್ರಿಯ ಬಿಸಿನೀರನ್ನು ಸಿರಿಂಜಿಗೆ ಸ್ವಲ್ಪ ಎಳೆದುಕೊಂಡು, ಒಳಗಿನ ಗಾಳಿ ಹೊರಹಾಕಿ, ಮೂತಿಯನ್ನು ಬಿಗಿಯಾಗಿ ಮುಚ್ಚಿ ದಂಡವನ್ನು ಹಿಂದಕ್ಕೆ ಎಳೆಯಿರಿ. ಒಲೆಯಿಲ್ಲದೆ ನೀರು ಗುಳ್ಳೆಯೆದ್ದು ಕುದಿಯುತ್ತದೆ. ಕೈಗೆ ದಪ್ಪ ಬಟ್ಟೆ ಇರಲಿ, ಸಿರಿಂಜನ್ನು ಮಕ್ಕಳ ಕಡೆ ತಿರುಗಿಸಬೇಡಿ.

ಕುದಿಯುವುದಕ್ಕೂ ಬಿಸಿಯಾಗಿರುವುದಕ್ಕೂ ವ್ಯತ್ಯಾಸವಿದೆ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಝೊಂಗ್ರಿಯಲ್ಲಿ ನೀರು 86, 87 ಡಿಗ್ರಿಗೇ ಕುದಿಯುತ್ತದೆ. ಅದಕ್ಕಿಂತ ಹೆಚ್ಚು ಬಿಸಿಯಾಗುವುದೇ ಇಲ್ಲ. ಅನ್ನ ಬೇಯಿಸುವುದು ಶಾಖ, ಗುಳ್ಳೆಯಲ್ಲ. ಆದ್ದರಿಂದ ತೆರೆದ ಪಾತ್ರೆಯ ಅನ್ನ ತಡವಾಗುತ್ತದೆ, ಬೇಳೆಯಂತೂ ಬೇಯುವುದೇ ಇಲ್ಲವೆಂಬಷ್ಟು ಕಾಯಿಸುತ್ತದೆ. ಅದಕ್ಕಾಗಿಯೇ ಬಿಡಾರದ ಅಡುಗೆಯವರು ಭಾರವಾದರೂ ಕುಕ್ಕರ್ ಹೊರಿಸಿಕೊಂಡು ಹೋಗುತ್ತಾರೆ. ಮನೆಯ ಕುಕ್ಕರ್ ಸೀಟಿ ಹೊಡೆಯುವುದೇಕೆ ಎಂಬ ಪ್ರಶ್ನೆಯಿಂದ ಅವಧಿ ಮುಗಿಸಬಹುದು.

ನಾಲ್ಕನೆಯ ಅವಧಿ: ಹಿಂದಿರುಗುವ ತೀರ್ಮಾನ

ಹಿಂದಿನ ಮೂರು ಅವಧಿಗಳ ಕಲಿಕೆ ಇಲ್ಲಿ ಬಳಕೆಗೆ ಬರುತ್ತದೆ. ಮೊದಲ ಎಂಟು ನಿಮಿಷದಲ್ಲಿ ಲಕ್ಷಣಗಳನ್ನು ಹಲಗೆಯ ಮೇಲೆ ಬರೆಯಿರಿ.

ಎತ್ತರದ ಕಾಯಿಲೆ: ತಲೆನೋವು, ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವುಗಳಲ್ಲಿ ಯಾವುದಾದರೂ.
ಶ್ವಾಸಕೋಶಕ್ಕೆ ನೀರು ತುಂಬಿದರೆ: ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆ ಕಫ.
ಮೆದುಳು ಊದಿಕೊಂಡರೆ: ಗೊಂದಲದ ಮಾತು, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಾಗದಿರುವುದು.

ನಿಯಮ ಮೂರು: ಎತ್ತರದಲ್ಲಿ ತಲೆನೋವು ಬಂದರೆ, ಬೇರೆ ಕಾರಣ ಖಚಿತವಾಗುವವರೆಗೆ ಎತ್ತರದ ಕಾಯಿಲೆ ಎಂದೇ ತಿಳಿ. ಲಕ್ಷಣ ಇರುವಾಗ ಮೇಲೆ ಹೋಗಬೇಡ. ಹೆಚ್ಚಾದರೆ, ರಾತ್ರಿಯಾಗಿದ್ದರೂ, ಜೊತೆಯವರೊಂದಿಗೆ ಕೆಳಗಿಳಿ. ಕೊನೆಯ ಎರಡು ಲಕ್ಷಣಗುಂಪುಗಳು ಕಂಡರೆ ಕಾಯುವ ಪ್ರಶ್ನೆಯೇ ಇಲ್ಲ.

ನಂತರ ಗುಂಪಿಗೊಂದು ಸನ್ನಿವೇಶ ಚೀಟಿ ಕೊಡಿ.

ಚೀಟಿ 1: ಛೋಕಾ, ಎರಡನೆಯ ರಾತ್ರಿ. ತಂಡದ ಅತ್ಯಂತ ಗಟ್ಟಿ ಹುಡುಗ, ಕಬಡ್ಡಿ ಆಟಗಾರ. ತಲೆನೋವು, ಊಟ ಬೇಡ ಎನ್ನುತ್ತಾನೆ. ‘ನನಗೇನೂ ಆಗಿಲ್ಲ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನೇ ಝೊಂಗ್ರಿ ಮುಟ್ಟುತ್ತೇನೆ’ ಎನ್ನುತ್ತಾನೆ.

ಚೀಟಿ 2: ಝೊಂಗ್ರಿ, ನಾಲ್ಕನೆಯ ರಾತ್ರಿ ಹತ್ತು ಗಂಟೆ. ಒಬ್ಬಾಕೆ ಗುಡಾರದಿಂದ ಹೊರಗೆ ಬಂದವಳು ತೂರಾಡುತ್ತಾಳೆ, ಗುಡಾರ ಯಾವುದೆಂದು ಗುರುತಿಸಲಾರಳು. ಗೆಳತಿಯರು ‘ನಿದ್ದೆಗಣ್ಣು, ಮಲಗಿದರೆ ಸರಿಹೋಗುತ್ತದೆ’ ಎನ್ನುತ್ತಾರೆ.

ಚೀಟಿ 3: ಲಮುನೆ, ಏಳನೆಯ ದಿನ ನಸುಕಿನ ಮೂರು ಗಂಟೆ. ಗಾಳಿ ಜೋರು, ಹಿಮ ಬೀಳುತ್ತಿದೆ. ಸ್ಥಳೀಯ ಮಾರ್ಗದರ್ಶಿ ‘ಇಂದು ಬೇಡ’ ಎನ್ನುತ್ತಾರೆ. ತಂಡದವರು ‘ಇಷ್ಟು ದೂರ ಬಂದು, ಇಷ್ಟು ಹಣ ಕೊಟ್ಟು, ನೋಡದೆ ಹೋಗುವುದೇ?’ ಎನ್ನುತ್ತಾರೆ. ಮರಳುವ ರೈಲಿನ ಟಿಕೆಟ್ ಆಗಿದೆಯೆಂದು ಒಬ್ಬರು ನೆನಪಿಸುತ್ತಾರೆ.

ಪ್ರತಿ ಗುಂಪೂ ತೀರ್ಮಾನ, ಕಾರಣ, ತಮ್ಮ ತೀರ್ಮಾನಕ್ಕೆ ಬರಬಹುದಾದ ಆಕ್ಷೇಪಣೆ, ಅದಕ್ಕೆ ಉತ್ತರ, ಈ ನಾಲ್ಕನ್ನು ಮಂಡಿಸಲಿ. ಮೊದಲ ಚೀಟಿಯಲ್ಲಿ ಮಕ್ಕಳಿಗೆ ತಿಳಿಯಬೇಕಾದದ್ದು, ಮೈಕಟ್ಟು ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಗಟ್ಟಿಗರು ಬೇಗ ಏರುವುದರಿಂದ ಬೇಗ ತೊಂದರೆಗೂ ಸಿಲುಕಬಹುದು. ಎರಡನೆಯದರಲ್ಲಿ ನೇರ ಗೆರೆಯ ಪರೀಕ್ಷೆ ಮಾಡಿಸಿ, ಕೂಡಲೇ ಕೆಳಗಿಳಿಸಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಮೂರನೆಯದರಲ್ಲಿ ಖರ್ಚು ಮಾಡಿದ ಹಣ ಮತ್ತು ಟಿಕೆಟ್ ಹವಾಮಾನವನ್ನು ಬದಲಿಸುವುದಿಲ್ಲ ಎಂಬುದನ್ನು ಅವರೇ ಕಂಡುಕೊಳ್ಳಲಿ.

ಚರ್ಚೆಯ ಕೊನೆಗೆ ಒಂದು ಚಾರಿತ್ರಿಕ ಸಂಗತಿ ಹೇಳಿ. 1955ರ ಮೇ 25ರಂದು ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಮೊದಲ ಬಾರಿಗೆ ಕಾಂಚನಜುಂಗಾದ ತುದಿಯನ್ನು ತಲುಪಿದರು. ಸಿಕ್ಕಿಂ ಜನರಿಗೆ ಪವಿತ್ರವಾದ ನೆತ್ತಿಯನ್ನು ತುಳಿಯುವುದಿಲ್ಲ ಎಂದು ಕೊಟ್ಟ ಮಾತಿನಂತೆ ಕೊನೆಯ ಕೆಲವು ಅಡಿ ಬಿಟ್ಟು ನಿಂತು ಹಿಂದಿರುಗಿದರು. ಆದರೂ ಆ ಆರೋಹಣವನ್ನು ಯಾರೂ ಅಪೂರ್ಣ ಎನ್ನಲಿಲ್ಲ.

ಮತ್ತೊಂದು ಪ್ರಶ್ನೆಗೆ ಐದು ನಿಮಿಷ ಉಳಿಸಿಕೊಳ್ಳಿ: ‘ಗುಡಾರ, ಅಕ್ಕಿ, ಸೀಮೆಎಣ್ಣೆ, ಕುಕ್ಕರ್ ಇವನ್ನೆಲ್ಲ ಹೊತ್ತವರು ಯಾರು?’ ಈ ದಾರಿಯಲ್ಲಿ ಹೊರೆ ಹೊರುವುದು ಸ್ಥಳೀಯ ಹಮಾಲರು ಮತ್ತು ಝೋಗಳು. ಝೋ ಎಂದರೆ ಯಾಕ್ ಮತ್ತು ಹಸುವಿನ ಮಿಶ್ರತಳಿ. ಚಾರಣಿಗ ದಿಣ್ಣೆ ಹತ್ತಿ ಬರುವ ಮೊದಲೇ ಅಡುಗೆಯವನು ಅಲ್ಲಿಗೆ ತಲುಪಿ ಚಹಾ ಕಾಯಿಸಿರುತ್ತಾನೆ. ಎತ್ತರದ ಕಾಯಿಲೆ ಅವರನ್ನೂ ಬಿಡುವುದಿಲ್ಲ, ಚಳಿ ಅವರಿಗೂ ಅಷ್ಟೇ. ಅವರ ಕಾಲಿಗೆ ಎಂತಹ ಬೂಟು, ಹೊದೆಯಲು ಎಂತಹ ಹೊದಿಕೆ ಎಂದು ಕೇಳುವ ಅಭ್ಯಾಸ ಎಂಟನೆಯ ತರಗತಿಯಲ್ಲೇ ಶುರುವಾಗಲಿ. ಒಯ್ದ ಕಸವನ್ನು ಹೊತ್ತು ತರುವುದೂ ಇದೇ ಜವಾಬ್ದಾರಿಯ ಭಾಗ; ಮರ ಬೆಳೆಯದ ಆ ಚಳಿಯಲ್ಲಿ ಕಸ ಕೊಳೆಯುವುದು ಬಹಳ ನಿಧಾನ.

ಮೌಲ್ಯಮಾಪನ

1. ಝೊಂಗ್ರಿಯ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಎಂಬ ಹೇಳಿಕೆಯನ್ನು ತಿದ್ದಿ ಬರೆಯಿರಿ.
2. ಬೀದರಿನಲ್ಲಿ ಹತ್ತು ನಿಮಿಷದಲ್ಲಿ ಬೇಯುವ ಮೊಟ್ಟೆ ಲಮುನೆಯಲ್ಲಿ ಅಷ್ಟರಲ್ಲೇ ಬೇಯುತ್ತದೆಯೇ? ಕಾರಣ ಕೊಡಿ.
3. 3,200 ಮೀಟರಿನಿಂದ 4,700 ಮೀಟರಿಗೆ ಹೋಗಬೇಕು. ಮಲಗುವ ಎತ್ತರದ ಸೂತ್ರದಂತೆ ವೇಳಾಪಟ್ಟಿ ಮಾಡಿ.
4. ನಿಮ್ಮ ಅಣ್ಣ ಎತ್ತರದ ಬಿಡಾರದಿಂದ ಫೋನ್ ಮಾಡಿ ‘ಸ್ವಲ್ಪ ತಲೆನೋವು, ವಾಂತಿ, ಪರವಾಗಿಲ್ಲ, ನಾಳೆ ಮೇಲೆ ಹೋಗುತ್ತಿದ್ದೇವೆ’ ಎನ್ನುತ್ತಾನೆ. ನೀವು ಹೇಳುವ ಮಾತನ್ನು ನಾಲ್ಕು ವಾಕ್ಯದಲ್ಲಿ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಹೆಚ್ಚು ಅಂಕ ಇಡಿ. ಉಳಿದ ಮೂರರ ತಿಳಿವಳಿಕೆ ಅದರಲ್ಲಿ ಕಾಣಬೇಕು.

ಪ್ರಶಿಕ್ಷಣಾರ್ಥಿಗಳು ಮತ್ತು ಪಾಠ ವೀಕ್ಷಕರಿಗೆ

ಈ ಪಾಠ ದಾರಿತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ಪರ್ವತದ ಚಿತ್ರಗಳನ್ನು ತೋರಿಸುತ್ತಾ ಅವಧಿ ಕಳೆಯುವುದು. ಮಕ್ಕಳು ‘ಅಬ್ಬಾ’ ಎನ್ನುತ್ತಾರೆ, ಕಲಿತದ್ದೇನೂ ಇರುವುದಿಲ್ಲ. ಚಿತ್ರ ತೋರಿಸಲೇಬೇಕಿದ್ದರೆ ನಕ್ಷೆ ಬಿಡಿಸಿದ ನಂತರ, ಎರಡು ಮೂರು ಸಾಕು. ಎರಡನೆಯದು, ‘ಮಿಲಿಬಾರ್’ ವ್ಯಾಖ್ಯೆಯನ್ನು ಮೊದಲೇ ಬರೆಸುವುದು. ಕಾಳು ಎಣಿಸಿದ ಮೇಲೆ ಪದ ಬರಲಿ. ಮೂರನೆಯದು, ಚರ್ಚೆಯಲ್ಲಿ ಧೈರ್ಯವನ್ನಷ್ಟೇ ಹೊಗಳುವುದು. ‘ಛಲ ಬಿಡದೆ ಗುರಿ ಮುಟ್ಟಬೇಕು’ ಎಂಬ ಮಾತು ಪರೀಕ್ಷೆಯ ಓದಿಗೆ ಹೊಂದಬಹುದು. ಊದಿಕೊಂಡ ಮೆದುಳಿಗೆ ಹೊಂದುವುದಿಲ್ಲ. ಹಿಂದಿರುಗಿದ ಗುಂಪಿಗೂ ತರಗತಿಯಲ್ಲಿ ಅಷ್ಟೇ ಚಪ್ಪಾಳೆ ಬೀಳಬೇಕು.

ಸಹಸ್ರತಾಲ್ ದುರಂತದ ಪ್ರಸ್ತಾಪ ಬಂದರೆ ಎಚ್ಚರಿಕೆಯಿಂದಿರಿ. ತರಗತಿಯಲ್ಲಿ ಆ ಕುಟುಂಬಗಳನ್ನು ಬಲ್ಲ ಮಗು ಇರಬಹುದು. ಸುದ್ದಿಚಿತ್ರ ತೋರಿಸಬೇಡಿ, ಯಾರದು ತಪ್ಪು ಎಂಬ ವಿಚಾರಣೆಗೆ ಇಳಿಯಬೇಡಿ. ಗಾಳಿ, ಒದ್ದೆ, ಎತ್ತರ, ದೂರ ಇವು ಒಟ್ಟಿಗೆ ಬಂದಾಗ ಮೈಗೆ ಏನಾಗುತ್ತದೆ ಎಂಬುದರಲ್ಲೇ ನಿಲ್ಲಿ.

ವೀಕ್ಷಕರು ತಮ್ಮ ಪುಸ್ತಕದಲ್ಲಿ ಎರಡನ್ನು ಮುಖ್ಯವಾಗಿ ಗುರುತಿಸಿಕೊಂಡರೆ ಸಾಕು. ಎರಡನೆಯ ಅವಧಿಯ ಆರಂಭದಲ್ಲಿ ಮಕ್ಕಳು ಬರೆದುಕೊಂಡ ಆಮ್ಲಜನಕದ ಅಂಕಿಯನ್ನು ಕೊನೆಯಲ್ಲಿ ಅವರೇ ತಿದ್ದಿಕೊಂಡರೇ? ನಾಲ್ಕನೆಯ ಅವಧಿಯಲ್ಲಿ ‘ಕೆಳಗಿಳಿಯಬೇಕು’ ಎಂದವರು ಅದಕ್ಕೆ ಮೊದಲ ಮೂರು ಅವಧಿಗಳ ಕಾರಣ ಕೊಟ್ಟರೇ, ಅಥವಾ ಶಿಕ್ಷಕರಿಗೆ ಬೇಕಾದ ಉತ್ತರವನ್ನು ಊಹಿಸಿ ಹೇಳಿದರೇ? ಎರಡನೆಯದಾಗಿದ್ದರೆ ಮರುದಿನ ನಾಲ್ಕನೆಯ ಚೀಟಿಯೊಂದನ್ನು ಬರೆದು ಕೊಡಿ. ಅದರಲ್ಲಿ ಮೇಲೆ ಹೋಗುವುದೇ ಸರಿಯಾದ ಉತ್ತರವಾಗಿರಲಿ: ಝೊಂಗ್ರಿಯಲ್ಲಿ ಎರಡು ರಾತ್ರಿ ಕಳೆದಿದೆ, ತಲೆನೋವಿಲ್ಲ, ಊಟ ಸೇರುತ್ತಿದೆ, ಆಕಾಶ ತಿಳಿಯಾಗಿದೆ, ಮಾರ್ಗದರ್ಶಿ ‘ಹೊರಡೋಣ’ ಎನ್ನುತ್ತಿದ್ದಾರೆ. ಆಗಲೂ ಮಕ್ಕಳು ಅಭ್ಯಾಸಬಲದಿಂದ ‘ಕೆಳಗಿಳಿಯಬೇಕು’ ಎಂದರೆ ಪಾಠವನ್ನು ಇನ್ನೊಮ್ಮೆ ಮಾಡಬೇಕು. ಲಕ್ಷಣಗಳನ್ನು ಒಂದೊಂದಾಗಿ ನೋಡಿ ‘ಹೋಗಬಹುದು’ ಎಂದರೆ ಘಟಕ ಮುಗಿಯಿತು ಎಂದು ದಾಖಲಿಸಬಹುದು.